ತೆರೆದ ಗೇಟಿನ ಗುತ್ತಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ಥಳೀಯ ಸಂಸ್ಥೆಯ ಸಭೆಯಲ್ಲಿ, ಕಾರ್ಯಸೂಚಿಯ ತುದಿಯಲ್ಲಿ, ಒಂದು ಸಾಲು ಬರುತ್ತದೆ: ‘ಕಸ ವರ್ಗಾವಣೆ ಕೇಂದ್ರದ ನಿರ್ವಹಣಾ ಗುತ್ತಿಗೆಯನ್ನು ವಿಸ್ತರಿಸುವ ಬಗ್ಗೆ.’ ಎಲ್ಲರಿಗೂ ಮನೆಗೆ ಹೋಗುವ ಅವಸರ. ಕೈ ಎತ್ತುತ್ತಾರೆ, ವಿಷಯ ಮುಗಿಯುತ್ತದೆ. ಹಳ್ಳಿಗಾಡಿನ ಕಸ ಮುಂದಿನ ಹಲವು ವರ್ಷ ಎಲ್ಲಿಗೆ ಹೋಗಬೇಕೆಂಬುದು ಆ ಅರೆಕ್ಷಣದಲ್ಲಿ ತೀರ್ಮಾನವಾಗಿಬಿಡುತ್ತದೆ.

ವರ್ಗಾವಣೆ ಕೇಂದ್ರ ಕಸದ ಕೊನೆಯ ತಾಣವಲ್ಲ, ನಡುದಾರಿಯ ತಂಗುದಾಣ. ಸಣ್ಣ ವಾಹನಗಳು ತಂದು ಸುರಿದ ಕಸವನ್ನು ಅಲ್ಲಿ ಯಂತ್ರದಿಂದ ಒತ್ತಿ, ದೊಡ್ಡ ಕಂಟೇನರಿಗೆ ತುಂಬಿ, ದೂರದ ವಿಲೇವಾರಿ ಘಟಕಕ್ಕೆ ಕಳುಹಿಸುತ್ತಾರೆ. ಘಟಕ 40 ಕಿಲೋಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಒಂದೊಂದು ಟನ್ ಹೊರುವ 20 ವಾಹನಗಳು ಅಲ್ಲಿಗೆ ಹೋಗಿ ಬಂದರೆ ಒಟ್ಟು 1,600 ಕಿಲೋಮೀಟರ್ ಓಡಾಟ. ಅದೇ 20 ಟನ್ ಕಸವನ್ನು ಒಂದೇ ಲಾರಿ ಒಯ್ದರೆ 80 ಕಿಲೋಮೀಟರ್. ಕೇಂದ್ರ ಬೇಕೇ ಬೇಡವೇ ಎಂಬ ಚರ್ಚೆ ಇಲ್ಲಿಗೇ ನಿಲ್ಲುತ್ತದೆ.

ಚರ್ಚೆಯಾಗಬೇಕಾದದ್ದು ಗುತ್ತಿಗೆದಾರನಿಗೆ ಯಾವ ಕೆಲಸಕ್ಕೆ ಹಣ ಕೊಡುತ್ತಿದ್ದೇವೆ ಎಂಬುದು. ಬಹಳಷ್ಟು ಕರಾರುಗಳು ಟನ್ನಿಗೆ ಇಷ್ಟು ಎಂದು ದರ ಕಟ್ಟುತ್ತವೆ. ನಗರದಲ್ಲಿ ಅದು ಹೇಗೋ ನಡೆದೀತು. ಹಳ್ಳಿಗಾಡಿನಲ್ಲಿ ಬರುವ ಕಸ ಕಡಿಮೆ, ಅದೂ ದಿನಕ್ಕೊಂದು ಪ್ರಮಾಣ. ಆದರೆ ಗೇಟಿನ ಕಾವಲು, ವಿದ್ಯುತ್, ಯಂತ್ರದ ಆರೈಕೆ, ಇವುಗಳ ಖರ್ಚು ಕಸ ಬಂದರೂ ಒಂದೇ, ಬರದಿದ್ದರೂ ಒಂದೇ. ಆಗ ಗುತ್ತಿಗೆದಾರ ಮೊದಲು ಕತ್ತರಿಸುವುದು ಕೇಂದ್ರ ತೆರೆದಿರುವ ಹೊತ್ತನ್ನು. ಸಂಜೆ ಕೆಲಸ ಮುಗಿಸಿ ಕಸ ತಂದವರು ಬೀಗ ನೋಡುತ್ತಾರೆ. ತಂದದ್ದನ್ನು ಮತ್ತೆ ಮನೆಗೆ ಹೊತ್ತುಕೊಂಡು ಹೋಗುವವರು ಎಷ್ಟು ಮಂದಿ? ಅದು ಹಳ್ಳಕ್ಕೆ ಬೀಳುತ್ತದೆ, ಇಲ್ಲವೇ ರಸ್ತೆಯಂಚಿನಲ್ಲಿ ಹೊತ್ತಿ ಉರಿಯುತ್ತದೆ. ನಾವು ಕೊಳ್ಳುತ್ತಿರುವುದು ಕಸದ ತೂಕವನ್ನಲ್ಲ, ತೆರೆದ ಗೇಟನ್ನು. ಆದ್ದರಿಂದ ಗೇಟು ತೆರೆದಿಡುವುದಕ್ಕೆ ಒಂದು ನಿಶ್ಚಿತ ಮೊತ್ತ, ಸಾಗಣೆಗೆ ಬೇರೆ ದರ ಎಂದು ಎರಡು ಭಾಗ ಮಾಡದೆ ವಿಸ್ತರಣೆಗೆ ಒಪ್ಪಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ತೂಕದ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು, ಅಂದರೆ ಒಂದು ಕಿಲೋ. ಕಸ ಹರಡಿರುವ 200 ಚದರ ಮೀಟರ್ ಅಂಗಳಕ್ಕೆ ಚಾವಣಿ ಇಲ್ಲದಿದ್ದರೆ, 50 ಮಿಲಿಮೀಟರ್ ಮಳೆಗೆ 10 ಟನ್ ನೀರು ಬೀಳುತ್ತದೆ. ಅದರಲ್ಲಿ ಅರ್ಧದಷ್ಟನ್ನೇ ಕಸ ಹೀರಿಕೊಂಡರೂ 5 ಟನ್ ಮಳೆನೀರಿಗೆ ನಾವು ಸಾಗಣೆ ದರ ಕೊಟ್ಟಂತಾಯಿತು. ಹೀರದೆ ಉಳಿದದ್ದು ಕೊಳೆಯನ್ನು ತೊಳೆದುಕೊಂಡು ಪಕ್ಕದ ಹೊಲಕ್ಕೋ ಬಾವಿಯ ಕಡೆಗೋ ಹರಿಯುತ್ತದೆ. ಚಾವಣಿ ಹಾಕಿಸುವವರು ಯಾರು, ಕೊಳೆನೀರಿನ ತೊಟ್ಟಿಯನ್ನು ಬರಿದು ಮಾಡುವವರು ಯಾರು ಎಂಬುದು ಹಳೆಯ ಕರಾರಿನಲ್ಲಿ ಇರದಿದ್ದರೆ ಬರೆಸಲು ಇದೇ ಸಮಯ.

ನೊಣದ ವಿಷಯವನ್ನೂ ಹೇಳಬೇಕು. ಬೆಚ್ಚನೆಯ ಹವೆಯಲ್ಲಿ ನೊಣದ ಮೊಟ್ಟೆ ಒಂದು ದಿನದೊಳಗೆ ಒಡೆದು ಹುಳುವಾಗುತ್ತದೆ. ವಾರ ಹತ್ತು ದಿನಗಳಲ್ಲಿ ಅದು ಹಾರುವ ನೊಣ. ಕಂಟೇನರ್ ಪೂರ್ತಿ ತುಂಬಲಿ ಎಂದು ಗುತ್ತಿಗೆದಾರ ಕಾಯುತ್ತಾ ಕೂತರೆ, ಆ ಕಾಯುವಿಕೆಯ ಫಲವನ್ನು ಅಕ್ಕಪಕ್ಕದ ಮನೆಯವರು ಉಣ್ಣಬೇಕಾಗುತ್ತದೆ. ಅರ್ಧವೇ ತುಂಬಿರಲಿ, ಹಸಿ ಕಸ ಇಷ್ಟು ಗಂಟೆಯೊಳಗೆ ಹೊರಡಲೇಬೇಕು, ಹೊರಡದಿದ್ದರೆ ಇಷ್ಟು ದಂಡ ಎಂಬ ಷರತ್ತು ಬೇಕು.

ಯಂತ್ರದ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಮೊದಲ ಅವಧಿಯ ದರದಲ್ಲಿ ಅನೇಕ ಸಲ ಕಸ ಒತ್ತುವ ಯಂತ್ರದ ಬೆಲೆಯೂ ಸೇರಿರುತ್ತದೆ. ಅವಧಿ ಮುಗಿಯುವ ಹೊತ್ತಿಗೆ ಆ ಬೆಲೆ ತೀರಿದ್ದರೆ, ಅದೇ ದರವನ್ನು ಮುಂದುವರಿಸುವುದೆಂದರೆ ಕೊಂಡ ವಸ್ತುವಿಗೆ ಎರಡನೆಯ ಸಲ ಹಣ ತೆತ್ತಂತೆ. ಯಂತ್ರ ಸವೆದು ಪದೇ ಪದೇ ಕೆಡುತ್ತಿದ್ದರೆ, ಬದಲಿ ಯಂತ್ರದ ಮಾತು ಕಾಗದದ ಮೇಲೆ ಬರಬೇಕು. ಲಿಥಿಯಂ ಬ್ಯಾಟರಿಗಳನ್ನು ಬೇರೆ ಇಡುವ ಪೆಟ್ಟಿಗೆಯ ಮಾತೂ ಅಷ್ಟೇ. ಕಸದೊಡನೆ ಒತ್ತಡಕ್ಕೆ ಸಿಕ್ಕರೆ ಅವು ಬೆಂಕಿ ಹತ್ತಿಸಬಹುದು.

ಇಷ್ಟೆಲ್ಲ ಕೇಳಲು ಕಾಲಾವಕಾಶ ಬೇಕು. ಗುತ್ತಿಗೆ ಮುಗಿಯಲು ಹದಿನೈದು ದಿನ ಉಳಿದಾಗ ಕಡತ ಬಿಚ್ಚಿದರೆ, ಹೊಸ ಟೆಂಡರ್ ಕರೆಯಲಾಗದು, ಕಸವೂ ನಿಲ್ಲದು. ಗುತ್ತಿಗೆದಾರ ಹೇಳಿದ್ದೇ ದರ. ಒಂದು ವರ್ಷ ಮೊದಲೇ ವಾಹನ ತೂಗುವ ವೇಬ್ರಿಡ್ಜಿನ ದಾಖಲೆ, ದೂರುಗಳ ಪುಸ್ತಕ, ಗೇಟು ತೆರೆದ ಮುಚ್ಚಿದ ಸಮಯದ ವಹಿ, ಈ ಮೂರನ್ನೂ ತರಿಸಿ ಓದಬೇಕು. ಹೇಳದೆ ಕೇಳದೆ ಒಂದು ಮಳೆಗಾಲದ ಸಂಜೆ ಅಲ್ಲಿಗೆ ಹೋಗಿ ನಿಲ್ಲಬೇಕು.

ಹೋದಾಗ ಗೇಟಿನಲ್ಲಿ ಕುಳಿತವರನ್ನು ಮಾತನಾಡಿಸಿ. ಗುತ್ತಿಗೆದಾರ ಬದಲಾದರೂ ಅನೇಕ ಸಲ ಅವರು ಬದಲಾಗುವುದಿಲ್ಲ. ಯಾವ ವಾಹನ ಯಾವ ಹೊತ್ತಿಗೆ ಬರುತ್ತದೆ, ಯಂತ್ರ ಯಾವಾಗ ಕೈಕೊಟ್ಟಿತು, ಎಲ್ಲವೂ ಅವರಿಗೆ ಗೊತ್ತು. ಕೈಗವಸು ಕೊಟ್ಟಿದ್ದಾರೆಯೇ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿದ್ದಾರೆಯೇ, ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತಿದೆಯೇ ಎಂದು ಕೇಳಿ. ಅವರು ಕೊಟ್ಟ ಉತ್ತರಗಳನ್ನು ಬರೆದುಕೊಂಡು ಬಂದು ವಿಸ್ತರಣೆಯ ಕಡತದಲ್ಲಿ ಮೊದಲ ಹಾಳೆಯಾಗಿ ಸೇರಿಸಿ.

ನಮಸ್ಕಾರ.