ಗನ್ ಆಮೇಲೆ, ಮೊದಲು ನಿಮ್ಮ ಆಟ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಗನ್ನಿನಿಂದ ಬಣ್ಣ ತುಂಬಿದ ಬಾಲ್ ಹೊಡೆದು ಎದುರಿನವರನ್ನು ಔಟ್ ಮಾಡುವ ಪೇಂಟ್‌ಬಾಲ್ ಆಟದ ರುಚಿ ಹತ್ತಿದವರು ಸ್ವಲ್ಪ ದಿನಕ್ಕೇ ಒಂದು ಪ್ರಶ್ನೆ ಕೇಳುತ್ತಾರೆ. ಬಾಡಿಗೆ ಗನ್ ಸಾಕಾಯಿತು, ಸ್ವಂತದ್ದು ಯಾವುದು ತಗೊಳ್ಳಲಿ? ಇವತ್ತು ಅದರ ಬಗ್ಗೆಯೇ ಮಾತು. ಆದರೆ ಗನ್ ಹೆಸರು ಹೇಳುವ ಮೊದಲು ನಾನೇ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಆಟ ಶುರುವಾಗಿ ಸೀಟಿ ಊದಿದ ಕೂಡಲೇ ನಿಮ್ಮ ಕಾಲು ಎಲ್ಲಿಗೆ ಹೋಗುತ್ತದೆ? ಮುಂದಿನ ಬಂಕರ್‌ಗೆ, ಅಂದರೆ ಮರೆಗೆ ಅಂತ ಇಟ್ಟಿರುವ ಅಡ್ಡಕ್ಕೆ ಓಡುತ್ತೀರಾ? ಹಿಂದೆ ನಿಂತು, ಎದುರಿನವರು ತಲೆ ಎತ್ತದ ಹಾಗೆ ಹೊಡೆಯುತ್ತಲೇ ಇರುತ್ತೀರಾ? ಅಥವಾ ಪೊದೆ ಮರೆಯಲ್ಲಿ ಕೂತು ಕಾಯುತ್ತೀರಾ? ಇದಕ್ಕೆ ಉತ್ತರ ಗೊತ್ತಿಲ್ಲದೆ ತಗೊಂಡ ಗನ್, ಬೇರೆಯವರ ಅಳತೆಯ ಚಪ್ಪಲಿ ಹಾಕಿಕೊಂಡು ಓಡಿದ ಹಾಗೆ.

ಮೊದಲು ಒಂದು ತಪ್ಪು ನಂಬಿಕೆ ಬಿಡಿಸಿಕೊಳ್ಳೋಣ. 'ಈ ಗನ್ ತುಂಬಾ ದೂರ ಹೊಡೆಯುತ್ತದೆ' ಅನ್ನುವ ಮಾತು ನೀವು ಕೇಳಿರುತ್ತೀರಿ. ಸ್ವಲ್ಪ ಯೋಚನೆ ಮಾಡಿ. ಸಾಮಾನ್ಯವಾಗಿ ಬಳಸುವ ಬಾಲ್ 0.68 ಇಂಚಿನದು, ತೂಕ ಸುಮಾರು 3 ಗ್ರಾಂ. ಮೈದಾನಕ್ಕೆ ಇಳಿಯುವ ಮೊದಲು ಪ್ರತಿ ಗನ್ನಿನ ವೇಗವನ್ನೂ ಕ್ರೋನೋಗ್ರಾಫ್‌ನಲ್ಲಿ ಅಳೆಯುತ್ತಾರೆ. ಸೆಕೆಂಡಿಗೆ 300 ಅಡಿ ದಾಟುವಂತಿಲ್ಲ. ಎಷ್ಟೋ ಮೈದಾನಗಳಲ್ಲಿ 280 ಅಡಿಗೇ ನಿಲ್ಲಿಸುತ್ತಾರೆ. ಬಾಲ್ ಒಂದೇ, ತೂಕ ಒಂದೇ, ವೇಗಕ್ಕೂ ಒಂದೇ ಮಿತಿ. ಹಾಗಿರುವಾಗ ದುಬಾರಿ ಗನ್ನಿನ ಬಾಲ್ ಮಾತ್ರ ದೂರ ಹೋಗುವುದು ಹೇಗೆ? ಬಾಲ್‌ಗೆ ಹಿಂದಕ್ಕೆ ಸುತ್ತು ಕೊಡುವ ಬ್ಯಾರೆಲ್‌ಗಳು, ಅಂದರೆ ಗನ್ನಿನ ನಳಿಗೆಗಳು ಇವೆ. ರೆಕ್ಕೆ ಇರುವ ಫಸ್ಟ್ ಸ್ಟ್ರೈಕ್ ಅನ್ನುವ ಗುಂಡುಗಳೂ ಇವೆ. ಅವು ನಿಜವಾಗಿಯೂ ಜಾಸ್ತಿ ದೂರ ಹೋಗುತ್ತವೆ. ಅವೆರಡನ್ನು ಬಿಟ್ಟರೆ ದೂರದ ಲೆಕ್ಕ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ.

ಉದ್ದನೆಯ ಬ್ಯಾರೆಲ್ ಕಥೆಯೂ ಅಷ್ಟೇ. 14 ಇಂಚಿಗಿಂತ ಉದ್ದ ಇದ್ದರೆ ಗುರಿ ಚೆನ್ನಾಗಾಗುತ್ತದೆ ಅಂತ ನಂಬಿ ದುಡ್ಡು ಸುರಿಯಬೇಡಿ. ಗುರಿ ನಿಂತಿರುವುದು ಬಾಲ್ ಮತ್ತು ಬ್ಯಾರೆಲ್ ಒಂದಕ್ಕೊಂದು ಹೊಂದುವುದರ ಮೇಲೆ. ಬ್ಯಾರೆಲ್ ಬಿಚ್ಚಿ ಕೈಯಲ್ಲಿ ಹಿಡಿದು ಒಂದು ಬಾಲ್ ಹಾಕಿ ನೋಡಿ. ತಾನಾಗಿಯೇ ಉರುಳಿ ಹೊರಗೆ ಬಿದ್ದರೆ ಬ್ಯಾರೆಲ್ ದೊಡ್ಡದಾಯಿತು. ಜೋರಾಗಿ ಊದಿದರೂ ಹೊರಗೆ ಬರದಿದ್ದರೆ ಚಿಕ್ಕದಾಯಿತು. ಒಳಗೆ ನಿಂತು, ಒಂದು ಉಸಿರಿಗೆ ಹೊರಗೆ ಹಾರಿದರೆ ಸರಿಯಾಗಿದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಈ ಆಟ ಹುಟ್ಟಿದ ದಿನವೇ ಗನ್ನಿನ ವಿಷಯ ಒಂದು ಮಟ್ಟಿಗೆ ತೀರ್ಮಾನವಾಗಿತ್ತು ಅಂತ ನನಗೆ ಅನಿಸುತ್ತದೆ. 1981ರ ಜೂನ್ 27. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಬಳಿಯ ಕಾಡು. 12 ಜನ ಆಟಗಾರರು. ಅವರ ಕೈಯಲ್ಲಿ ಇದ್ದದ್ದು ನೆಲ್‌ಸ್ಪಾಟ್ 007. ಮರಗಳಿಗೆ, ದನಗಳಿಗೆ ಬಣ್ಣದ ಗುರುತು ಹಾಕಲು ಮಾಡಿದ್ದ ಗನ್ ಅದು. ಕಾಡಿನಲ್ಲಿ ಬೇರೆ ಬೇರೆ ಕಡೆ ಇಟ್ಟಿದ್ದ ಧ್ವಜಗಳನ್ನು ಸಂಗ್ರಹಿಸಿಕೊಂಡು ಬರಬೇಕಿತ್ತು. ಗೆದ್ದವರು ರಿಚಿ ವೈಟ್, ಕಾಡಿನ ಕೆಲಸ ಬಲ್ಲ ಮನುಷ್ಯ. ಅವರು ಆ ದಿನ ಒಂದೇ ಒಂದು ಗುಂಡು ಹೊಡೆಯಲಿಲ್ಲ. ಯಾರ ಕಣ್ಣಿಗೂ ಬೀಳದೆ ಓಡಾಡುವುದು ಅವರಿಗೆ ಗೊತ್ತಿತ್ತು, ಅಷ್ಟೇ ಸಾಕಾಯಿತು.

ಸರಿ, ಈಗ ಮುಂದೆ ಓಡುವವರ ವಿಷಯ. ನನಗೆ ತುಂಬಾ ಇಷ್ಟವಾದ ಜಾಗ ಇದೇ, ಹಾಗಾಗಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಹೆಚ್ಚಿನ ನಿಯಮಗಳಲ್ಲಿ ನಿಮ್ಮ ಗನ್ನಿಗೆ ಬಾಲ್ ಬಡಿದು ಒಡೆದರೂ ನೀವು ಔಟ್. ಗನ್ನಿನ ಮೇಲೆ ಕೂರುವ ಬಾಲ್ ಡಬ್ಬಿಗೆ, ಅಂದರೆ ಹಾಪರ್‌ಗೆ ಬಿದ್ದರೂ ಔಟ್. ಅಂದರೆ ಗನ್ ದೊಡ್ಡದಾದಷ್ಟೂ ಎದುರಿನವನಿಗೆ ನೀವೇ ಗುರಿಯನ್ನು ದೊಡ್ಡದು ಮಾಡಿಕೊಟ್ಟ ಹಾಗೆ. ಹೊಟ್ಟೆ ಮೇಲೆ ತೆವಳಿಕೊಂಡು ಹೋಗುವ ತಗ್ಗಾದ ಬಂಕರ್‌ನಲ್ಲಿ, ನಿಮ್ಮ ತಲೆಗಿಂತ ಮೊದಲು ಮೇಲೆ ಕಾಣುವುದು ಹಾಪರ್. ಆದ್ದರಿಂದ ಮುಂದಿನವರಿಗೆ ಬೇಕಾದದ್ದು ಹಗುರ, ಗಿಡ್ಡ, ಮೈಗೆ ಅಂಟಿಕೊಳ್ಳುವ ಗನ್. ಹಾಪರ್ ತಗ್ಗಾಗಿರಲಿ. ಬಾಲನ್ನು ತಳ್ಳುವ ಗಾಳಿಯ ಟ್ಯಾಂಕ್ 48 ಘನ ಇಂಚಿನದು ಸಾಕು. ನೀವು ಹೊಡೆಯುವುದೇ ಕಡಿಮೆ.

ಇನ್ನೊಂದು ಮುಖ್ಯ ವಿಷಯ. ಬಂಕರ್‌ನ ಬಲಗಡೆಯಿಂದ ಬಲಗೈಯಲ್ಲಿ ಹೊಡೆಯಬಹುದು. ಎಡಗಡೆಯಿಂದ ಇಣುಕುವಾಗಲೂ ಬಲಗೈಯಲ್ಲೇ ಹಿಡಿದಿದ್ದರೆ ಅರ್ಧ ದೇಹ ಹೊರಗೆ ಬರುತ್ತದೆ. ಕೈ ಬದಲಿಸಲೇಬೇಕು. ಹಾಗಾಗಿ ಗನ್ನನ್ನು ಎಡಗೈಯಲ್ಲಿ ಹಿಡಿದು ನೋಡದೆ ತಗೊಳ್ಳಬೇಡಿ. ಬಲಗೈಯಲ್ಲಿ ಆರಾಮಾಗಿರುವ ಎಷ್ಟೋ ಗನ್‌ಗಳು ಎಡಗೈಗೆ ಬಂದಾಗ ಮುಂಭಾರವಾಗಿ ತೂಗುತ್ತವೆ.

ಹಿಂದೆ ನಿಂತು ಆಡುವವರ ಲೆಕ್ಕ ಬೇರೆ. ನಿಮ್ಮ ಕೆಲಸ ಎದುರಿನವರನ್ನು ಇದ್ದಲ್ಲೇ ಕೂರಿಸುವುದು, ನಿಮ್ಮವರು ಮುಂದೆ ಹೋಗಲು ದಾರಿ ಮಾಡಿಕೊಡುವುದು. ಇಲ್ಲಿ ಎಲೆಕ್ಟ್ರಾನಿಕ್ ಗನ್ ಬೇಕು ಅಂತ ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಇಂತಹ ಗನ್ ಸೆಕೆಂಡಿಗೆ 10 ಬಾಲ್ ಹೊಡೆಯುವುದು ಕಷ್ಟವೇನಲ್ಲ. ಆದರೆ ಬಾಲ್ ತಾನಾಗಿ ಉರುಳಿ ಬೀಳುವ ಸಾದಾ ಹಾಪರ್ ಆ ವೇಗಕ್ಕೆ ಬಾಲ್ ಕೊಡಲಾರದು. ಆಗ ಅರ್ಧ ಇಳಿದ ಬಾಲನ್ನು ಬೋಲ್ಟ್, ಅಂದರೆ ಬಾಲನ್ನು ಬ್ಯಾರೆಲ್‌ಗೆ ತಳ್ಳುವ ಭಾಗ ಕತ್ತರಿಸುತ್ತದೆ, ಒಳಗೆಲ್ಲ ಬಣ್ಣ. ಎಲೆಕ್ಟ್ರಾನಿಕ್ ಗನ್‌ಗಳಲ್ಲಿ ಬಾಲ್ ಪೂರ್ತಿ ಇಳಿದಿದೆಯಾ ಅಂತ ನೋಡುವ ಸೆನ್ಸರ್ ಸಾಮಾನ್ಯವಾಗಿ ಇರುತ್ತದೆ. ಅದು ಕತ್ತರಿಸುವುದನ್ನು ತಪ್ಪಿಸುತ್ತದೆ, ಆದರೆ ಹಾಪರ್ ನಿಧಾನವಾದರೆ ಗನ್ನೂ ಕಾಯುತ್ತಾ ನಿಲ್ಲುತ್ತದೆ. ಒಳ್ಳೆಯ ಗನ್ ತಗೊಂಡು ಹಾಪರ್‌ನಲ್ಲಿ ಉಳಿಸಲು ಹೋದರೆ ಗನ್ನಿಗೆ ಕೊಟ್ಟ ದುಡ್ಡೂ ವ್ಯರ್ಥ. ಟ್ಯಾಂಕ್ 68 ಘನ ಇಂಚು, 4500 ಪಿಎಸ್‌ಐ ಒತ್ತಡದ್ದು ಇರಲಿ. ತೂಕ ಸ್ವಲ್ಪ ಜಾಸ್ತಿಯಾದರೂ ನೀವು ಓಡುವುದು ಕಡಿಮೆ, ಅಲ್ವಾ?

ಎಲೆಕ್ಟ್ರಾನಿಕ್ ಗನ್ನಿಗೆ ಕಾರ್ಬನ್ ಡೈಆಕ್ಸೈಡ್ ಹಾಕಬೇಡಿ. ಆ ಟ್ಯಾಂಕ್‌ನಲ್ಲಿ ಅದು ದ್ರವವಾಗಿ ಇರುತ್ತದೆ. ಬೇಗ ಬೇಗ ಹೊಡೆದರೆ ಟ್ಯಾಂಕ್ ತಣ್ಣಗಾಗಿ ಒತ್ತಡ ಇಳಿಯುತ್ತದೆ, ಒಂದು ಬಾಲ್ ದೂರ, ಇನ್ನೊಂದು ಹತ್ತಿರ. ದ್ರವ ಗನ್ನೊಳಗೆ ನುಗ್ಗಿದರೆ ಒಳಗಿನ ಸೂಕ್ಷ್ಮ ಭಾಗಗಳು ಹಾಳು. ಇಂತಹ ಗನ್ನಿಗೆ ಗಾಳಿ ತುಂಬಿದ ಟ್ಯಾಂಕೇ ಬೇಕು.

ಕಾಡಿನಲ್ಲಿ ಆಡುವವರಿಗೆ ನನ್ನ ಮಾತು ಚಿಕ್ಕದು. ಮಣ್ಣು, ಮಳೆ, ಮುಳ್ಳು, ಎಲ್ಲವನ್ನೂ ತಡೆಯುವ ಮೆಕ್ಯಾನಿಕಲ್ ಗನ್ ತಗೊಳ್ಳಿ. ಬ್ಯಾಟರಿ ಇಲ್ಲ, ತಲೆನೋವಿಲ್ಲ. ಟಿಪ್‌ಮನ್ 98 ಇಷ್ಟು ವರ್ಷ ಬಾಡಿಗೆ ಗನ್ನಾಗಿ ಉಳಿದಿರುವುದು ಅದಕ್ಕೇ. ಎಷ್ಟು ಒರಟಾಗಿ ಬಳಸಿದರೂ ಹೊಡೆಯುತ್ತದೆ. ಒದೆತ ಕಡಿಮೆ, ಸದ್ದು ಕಡಿಮೆ ಇರುವ ಮೆಕ್ಯಾನಿಕಲ್ ಬೇಕಾದರೆ ಪ್ಲಾನೆಟ್ ಎಕ್ಲಿಪ್ಸ್‌ನ ಎಮೆಕ್ ನೋಡಿ. ಕಾದು ಹೊಡೆಯುವವರಿಗೆ ಸದ್ದು ಕಡಿಮೆ ಇರುವುದು ದೊಡ್ಡ ಲಾಭ. ಮ್ಯಾಗಜಿನ್ ಹಾಕುವ ಗನ್‌ಗಳೂ ಇವೆ. ಒಂದು ಮ್ಯಾಗಜಿನ್‌ಗೆ ಹೆಚ್ಚೆಂದರೆ 20 ಬಾಲ್ ಅಂದುಕೊಳ್ಳಿ. ಎಣಿಸಿ ಹೊಡೆಯುವ ತಾಳ್ಮೆ ಇದ್ದರೆ ಮಾತ್ರ ಅದು ಖುಷಿ ಕೊಡುತ್ತದೆ.

ಈಗ ನನ್ನ ಮನಸ್ಸಿಗೆ ಹತ್ತಿರವಾದ ಮಾತು. ನಿಮ್ಮ ಆಟದ ರೀತಿ ಯಾವುದು ಅಂತ ಇನ್ನೂ ಗೊತ್ತಾಗದಿದ್ದರೆ ಸ್ವಲ್ಪ ಕಾಲ ಪಂಪ್ ಗನ್‌ನಲ್ಲಿ ಆಡಿ. ಪ್ರತಿ ಗುಂಡಿಗೂ ಕೈಯಿಂದ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಬೇಕು. ಸುಮ್ನೆ ಬಾಲ್ ಸುರಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆಗ ನೀವು ಏನು ಮಾಡುತ್ತೀರಿ ಅಂತ ಗಮನಿಸಿ. ಹತ್ತಿರ ಹೋಗಿ ಹೊಡೆಯೋಣ ಅನಿಸಿದರೆ ನೀವು ಮುಂದಿನ ಆಟಗಾರ. ಒಳ್ಳೆಯ ಕೋನ ಹುಡುಕಿ ಕಾಯಬೇಕು ಅನಿಸಿದರೆ ಕಾಡಿನ ಆಟ ನಿಮ್ಮದು. 'ಅಯ್ಯೋ, ಇನ್ನೂ ನಾಲ್ಕು ಬಾಲ್ ಹೋಗಿದ್ದರೆ ಅವನು ಏಳುತ್ತಲೇ ಇರಲಿಲ್ಲ' ಅಂತ ಪದೇ ಪದೇ ಅನಿಸಿದರೆ ನಿಮ್ಮ ಜಾಗ ಹಿಂದೆ. ಮಾತಾಡಿ ತಿಳಿಯದ್ದು ಇಲ್ಲಿ ಆಡಿದರೆ ತಿಳಿಯುತ್ತದೆ. ಪಂಪ್ ಹಳೇ ಕಾಲದ್ದು ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಆಟ ಕಲಿಯಲು ಅದಕ್ಕಿಂತ ಒಳ್ಳೆಯ ಗನ್ ನನಗೆ ಗೊತ್ತಿಲ್ಲ.

ದುಡ್ಡಿನ ವಿಷಯದಲ್ಲಿ ನಾನು ಹಠ ಹಿಡಿಯುವುದು ಒಂದಕ್ಕೇ. ಮೊದಲು ಮಾಸ್ಕ್, ಆಮೇಲೆ ಗನ್. ಸೆಕೆಂಡಿಗೆ 90 ಮೀಟರ್ ವೇಗದಲ್ಲಿ ಬರುವ ಬಾಲ್ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಪೇಂಟ್‌ಬಾಲ್‌ಗೆ ಅಂತಲೇ ಮಾಡಿದ, ಕಣ್ಣಿನ ರಕ್ಷಣೆಯ ಮಾನದಂಡವಾದ ಎಎಸ್‌ಟಿಎಂ ಎಫ್1776 ಅಂತ ಬರೆದಿರುವ ಮಾಸ್ಕ್ ತಗೊಳ್ಳಿ. ಎರಡು ಪದರದ ಥರ್ಮಲ್ ಲೆನ್ಸ್ ಇರಲಿ. ಅದರಲ್ಲಿ ಮಂಜು ಕಟ್ಟುವುದು ಕಡಿಮೆ. ಮಂಜು ಕಟ್ಟಿತು ಅಂತ ಮೈದಾನದೊಳಗೆ ಮಾಸ್ಕ್ ಎತ್ತುವವರನ್ನು ನೋಡಿದರೆ ನನ್ನ ಎದೆ ಝಲ್ ಅನ್ನುತ್ತದೆ.

ಮಾಸ್ಕ್ ಮೊದಲು ತಗೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಗನ್ ನೋಡಲು ಹೋಗುವಾಗ ಅದನ್ನು ಜೊತೆಗೇ ಒಯ್ಯಿರಿ. ಬರೀ ಮುಖದಲ್ಲಿ ಹಿಡಿದಾಗ ಸೊಗಸಾಗಿ ಕೂರುವ ರೈಫಲ್ ತರಹದ ಗನ್, ಮಾಸ್ಕ್ ಹಾಕಿದ ಮೇಲೆ ದವಡೆಗೆ ಅಡ್ಡ ಬರುತ್ತದೆ, ಕಣ್ಣು ಗುರಿಯ ಸಾಲಿಗೆ ಬರುವುದೇ ಇಲ್ಲ. ಮಾಸ್ಕ್ ಹಾಕಿಕೊಳ್ಳಿ. ಹಾಪರ್, ಟ್ಯಾಂಕ್ ಎಲ್ಲ ಸೇರಿಸಿಯೇ ಗನ್ ಎತ್ತಿ. ಮಂಡಿಯೂರಿ ಕೂತು ಬಲಕ್ಕೆ ಇಣುಕಿ, ಕೈ ಬದಲಿಸಿ ಎಡಕ್ಕೆ ಇಣುಕಿ. ಆಮೇಲೆ ಬೋಲ್ಟ್ ಬಿಚ್ಚಿ ತೋರಿಸಲು ಕೇಳಿ, ನೀವೇ ತಿರುಗಿ ಜೋಡಿಸಿ ನೋಡಿ. ಬೇಡ ಅಂದರೆ ಆ ಗನ್ ಅಲ್ಲೇ ಇಟ್ಟು ಬನ್ನಿ.