ಪೂರ್ವಗ್ರಹ: ಪೀಡೆ ಯಾರಿಗೆ?

ಕೇಳುಗರೇ, ನಮಸ್ಕಾರ.

ಧಾರವಾಡಕ್ಕೆ ಓದಲು ಬರುವ ಹುಡುಗರು ಸಪ್ತಾಪುರದ ಕಡೆ ಬಾಡಿಗೆ ಖೋಲಿ ಹುಡುಕುತ್ತಾ ತಿರುಗುತ್ತಾರೆ. ಎಲ್ಲ ಮನೆಯವರೂ ಹೀಗೇ ಅಂತಲ್ಲ. ಆದರೆ ಕೆಲವು ಬಾಗಿಲುಗಳಲ್ಲಿ ಮೊದಲ ಪ್ರಶ್ನೆಯೇ 'ನಿಮ್ಮ ಅಡ್ಡಹೆಸರೇನ್ರೀ?' ಹೆಸರು ಕೇಳಿದ ಮೇಲೆ, 'ಈಗಷ್ಟೇ ಬ್ಯಾರೆಯವರು ಅಡ್ವಾನ್ಸ್ ಕೊಟ್ಟು ಹೋದ್ರು ನೋಡ್ರಿ' ಎನ್ನುತ್ತಾರೆ. ಆ ಹುಡುಗ ಬಾಡಿಗೆ ಸರಿಯಾಗಿ ಕೊಡುತ್ತಾನೋ, ಖೋಲಿ ಚೊಕ್ಕ ಇಡುತ್ತಾನೋ, ಅದನ್ನು ಯಾರೂ ವಿಚಾರಿಸಲಿಲ್ಲ. ಪೂರ್ವಗ್ರಹ ಅಂದರೆ ಇದು.

ಪೂರ್ವ ಅಂದರೆ ಮೊದಲು. ಗ್ರಹ ಅಂದರೆ ಹಿಡಿಯುವುದು. ತಿಳಿಯುವ ಮೊದಲೇ ಹಿಡಿದುಕೊಂಡ ಅಭಿಪ್ರಾಯ. ಕೆಲವರು ಪೂರ್ವಾಗ್ರಹ ಎಂದೂ ಬರೆಯುತ್ತಾರೆ. ಅಲ್ಲಿ ಆಗ್ರಹ, ಅಂದರೆ ಹಟ, ಸೇರಿಕೊಂಡಿದೆ. ನನಗೆ ಇದೂ ಹಿಡಿಸುತ್ತದೆ. ತಪ್ಪು ತಿಳಿವಳಿಕೆ ಯಾರಿಗಿಲ್ಲ? ಕಣ್ಣೆದುರು ಬೇರೆಯೇ ಕಂಡರೂ ಅದನ್ನು ಬಿಡದ ಹಟ ಇದೆಯಲ್ಲ, ಕೆಡುಕು ಇರುವುದು ಅಲ್ಲಿ.

ತಾರತಮ್ಯ ಬೇರೆ. ಮಾಲೀಕರ ಮನಸ್ಸಿನಲ್ಲಿರುವುದು ಪೂರ್ವಗ್ರಹ, ಖೋಲಿ ಇಲ್ಲ ಎಂದದ್ದು ತಾರತಮ್ಯ.

ಈಚೆಗೆ ಈ ಪದವನ್ನು ಸುಮ್ನೆ ಎದುರಾಳಿಯ ಬಾಯಿ ಮುಚ್ಚಿಸಲು ಬಳಸುವುದು ಜಾಸ್ತಿಯಾಗಿದೆ. ಒಬ್ಬ ಅಂಗಡಿಯವ ತೂಕದಲ್ಲಿ ಮೋಸ ಮಾಡಿದ. ನೀವು ಮತ್ತೆ ಅಲ್ಲಿಗೆ ಹೋಗಲಿಲ್ಲ. ಅದು ಪೂರ್ವಗ್ರಹ ಅಲ್ಲ, ಅನುಭವ. 'ಆ ಜಾತಿಯವರೆಲ್ಲ ಹಂಗs' ಅಂದಿರೋ, ಆಗ ಅದು ಪೂರ್ವಗ್ರಹ.

ಪತ್ರಿಕೆಗಳಲ್ಲಿ ಪೂರ್ವಗ್ರಹಪೀಡಿತ ಎಂಬ ಮಾತು ಆಗಾಗ ಕಾಣುತ್ತದೆ. ಗದಗ, ಹಾವೇರಿ ಕಡೆಯವರಿಗೆ 'ಪೀಡಿತ' ಹೊಸದಲ್ಲ. ಬರಪೀಡಿತ ತಾಲ್ಲೂಕು ಎಂದರೆ ನರಳುವುದು ಆ ತಾಲ್ಲೂಕಿನ ಜನ. ಇಲ್ಲಿ ಮಾತ್ರ ಪೀಡಿತ ಅನ್ನುವುದು ಪೂರ್ವಗ್ರಹ ಇಟ್ಟುಕೊಂಡವರಿಗೆ. ಅವರು ರಾತ್ರಿ ಆರಾಮ ಮಲಗುತ್ತಾರೆ. ಬ್ಯಾಗು ಹೊತ್ತು ಮುಂದಿನ ಓಣಿಗೆ ನಡೆಯುವುದು ಆ ಹುಡುಗ. ಪದ ಕೊಡುವ ಕನಿಕರ ಹೋಗಬಾರದವರಿಗೆ ಹೋಗುತ್ತಿದೆ ಅಲ್ವಾ?

ಪೂರ್ವಗ್ರಹ ಯಾವಾಗಲೂ ಸಿಟ್ಟಿನ ಮುಖ ಹೊತ್ತೇ ಬರುವುದಿಲ್ಲ. 'ಅಯ್ಯೋ ಪಾಪ' ಎಂದೂ ಬರುತ್ತದೆ. ಕಣ್ಣು ಕಾಣದ ಮಗು ಕಂಡರೆ, ಇದರ ಕೈಲಿ ಏನಾದೀತು ಎಂದು ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಆದರೆ ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಅಷ್ಟೇ. ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದವರು ಪುಟ್ಟರಾಜರು. ಹಾಡಿದರು, ಹಾರ್ಮೋನಿಯಂ, ತಬಲಾ, ಪಿಟೀಲು ನುಡಿಸಿದರು. ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಬರೆದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಪ್ರಶಸ್ತಿಗಿಂತ ನನಗೆ ದೊಡ್ಡದೆನಿಸುವುದು ಬೇರೆ. ಅಲ್ಲಿ ಕಲಿತ ಎಷ್ಟೋ ಅಂಧ ಮಕ್ಕಳು ಸಂಗೀತ ಮೇಷ್ಟ್ರಾಗಿ ತಮ್ಮ ಅನ್ನ ತಾವೇ ದುಡಿದುಕೊಂಡರು.

ಇಷ್ಟಾದರೂ ಕಣ್ಣು ಕಾಣದವರು ಕೆಲಸ ಕೇಳಿಕೊಂಡು ಹೋದರೆ 'ಕ್ಲಾಸು ಹ್ಯಾಂಗ ಸಂಭಾಳಿಸ್ತೀರಿ?' ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ಕೇಳಿರಿ, ತಪ್ಪಲ್ಲ. ಆದರೆ ಉತ್ತರವನ್ನೂ ನೀವೇ ಹೇಳಬೇಡಿರಿ. ಅವರಿಂದ ಒಂದು ಪಾಠ ಮಾಡಿಸಿ, ಕೂತು ಕೇಳಿರಿ. ಬೇಕು ಬೇಡ ಆಮೇಲೆ ಹೇಳಿರಿ.

ನಮಸ್ಕಾರ.