ದೆವ್ವಕ್ಕೂ ಒಂದು ಕಟ್ಟುಪಾಡು ಬೇಕು

ಕೇಳುಗರಿಗೆಲ್ಲ ನಮಸ್ಕಾರ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿರುತ್ತಿತ್ತು. ರಾತ್ರಿ ಹೊತ್ತು ದೆವ್ವವೊಂದು ಬಂದು ಬಾಗಿಲು ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಕೂಗುತ್ತದೆ, ತೆರೆದರೆ ಕಥೆ ಮುಗಿಯಿತು. ಬಾಗಿಲ ಮೇಲಿನ ಬರಹ ಕಂಡರೆ ಮಾತ್ರ ಹಿಂದಿರುಗುತ್ತದೆ, ಮಾರನೆಯ ರಾತ್ರಿ ಬಂದು ಅದನ್ನೇ ಓದಿ ಮತ್ತೆ ಹೋಗುತ್ತದೆ. ಎರಡೇ ಪದದ ಈ ಕಥೆಯಲ್ಲಿ ದೆವ್ವದ ಶಕ್ತಿಯೂ ಗೊತ್ತು, ಮಿತಿಯೂ ಗೊತ್ತು. ಅದಕ್ಕೆ ಓದಲು ಬರುತ್ತದೆ, ಕೊಟ್ಟ ವಾಯಿದೆಗೆ ಅದು ಕಟ್ಟುಬೀಳುತ್ತದೆ, ಬಾಗಿಲು ತೆರೆಯದೆ ಒಳಗೆ ಬರಲಾರದು. ಭಯ ಹುಟ್ಟುವುದು ಆ ಮಿತಿಯ ಅಂಚಿನಲ್ಲಿ: ಇವತ್ತು ಯಾರಾದರೂ ಬರಹ ಅಳಿಸಿಬಿಟ್ಟರೆ?

ನಮ್ಮ ಅತಿಮಾನುಷ ಧಾರಾವಾಹಿಗಳು ಸೋಲುವುದು ಇಲ್ಲೇ. ಗ್ರಾಫಿಕ್ಸ್ ಕಳಪೆ ಅಂತ ಎಲ್ಲರೂ ನಗುತ್ತಾರೆ; ನನ್ನ ತಕರಾರು ಅದಲ್ಲ. ಹಸಿರು ಪರದೆಯ ಮುಂದೆ ಹೆಡೆ ಎತ್ತಿದ ಹಾವು ರಬ್ಬರಿನಂತೆ ಕಂಡರೂ ಕಥೆ ಬಿಗಿಯಾಗಿದ್ದರೆ ನೋಡುವವರು ಕ್ಷಮಿಸುತ್ತಾರೆ. 2016ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ನಾಗಿಣಿ’ಯನ್ನು ಜನ ಹಿಡಿದು ಕೂತು ನೋಡಿದ್ದಕ್ಕೆ ಹಾವಿನ ಗ್ರಾಫಿಕ್ಸ್ ಕಾರಣವಲ್ಲ. ಹೆಣ್ಣಿನ ರೂಪ ತಾಳಿದ ಹಾವು, ತೀರಿಸಬೇಕಾದ ಸೇಡು, ನಡುವೆ ಅಡ್ಡ ಬರುವ ಪ್ರೀತಿ – ಗುರಿ ಯಾವುದು, ಅಡ್ಡಿ ಯಾವುದು ಎಂಬುದು ಮೊದಲಿನಿಂದಲೇ ಸ್ಪಷ್ಟವಿತ್ತು.

ಸಾಮಾನ್ಯವಾಗಿ ಆಗುವುದು ಬೇರೆ. ಮೊದಲ ತಿಂಗಳು ದೇವಸ್ಥಾನದ ಹೊಸ್ತಿಲು ದಾಟಲಾರದ ಆತ್ಮ, ಆರನೆಯ ತಿಂಗಳಲ್ಲಿ ಅದೇ ಗರ್ಭಗುಡಿಯ ಎದುರು ಒಬ್ಬರ ಮೈಮೇಲೆ ಬಂದು ಕೂಗಾಡುತ್ತದೆ. ತಾಯತ ಒಂದು ವಾರ ಕೆಲಸ ಮಾಡುತ್ತದೆ, ಮರುವಾರ ಮಾಡುವುದಿಲ್ಲ. ಯಾಕೆ ಅಂತ ಯಾರೂ ಹೇಳುವುದಿಲ್ಲ. ಹಾವಿನ ಹಗೆ ಹನ್ನೆರಡು ವರ್ಷ ಅಂತಾರಲ್ಲ, ಆ ಹಗೆಗೂ ಒಂದು ಗಡುವಿದೆ. ಧಾರಾವಾಹಿಯ ಹಗೆಗೆ ಅದೂ ಇಲ್ಲ.

ಬರೆಯುವವರಿಗೆ ಇದು ಗೊತ್ತಿಲ್ಲ ಅಂತಲ್ಲ. ವಾರಕ್ಕೆ ಐದೇ ಸಂಚಿಕೆ ಅಂದುಕೊಂಡರೂ ವರ್ಷಕ್ಕೆ 260 ಆಗುತ್ತವೆ. ಜಾಹೀರಾತು ಗಂಟೆಗೆ 12 ನಿಮಿಷ ಮೀರಬಾರದೆಂಬ ನಿಯಮವಿದೆ. ಆ ಲೆಕ್ಕದಲ್ಲಿ ಅರ್ಧ ಗಂಟೆಗೆ ಆರು ನಿಮಿಷ ಹೋಯಿತು. ಶೀರ್ಷಿಕೆ ಗೀತೆ, ಹಿಂದಿನ ಸಂಚಿಕೆಯ ತುಣುಕು, ನಾಳೆಯ ತುಣುಕು ಕಳೆದರೆ ಕಥೆಗೆ ಉಳಿಯುವುದು ಇಪ್ಪತ್ತು ನಿಮಿಷ ಚಿಲ್ಲರೆ. ಹಾಗಿದ್ದರೂ ವರ್ಷಕ್ಕೆ ಎಂಬತ್ತಾರು ಗಂಟೆಯ ಕಥೆ ಬೇಕು, ಅಂದರೆ ಮೂವತ್ತಕ್ಕೂ ಹೆಚ್ಚು ಸಿನಿಮಾಗಳಷ್ಟು. ಒಂದು ದೆವ್ವ ಅಷ್ಟನ್ನು ಹೊರಲಾರದು.

ಜೊತೆಗೆ ಗುರುವಾರ ಗುರುವಾರ ಹೊರಬೀಳುವ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರೆಂಬ ಅಂಕಿ. ವಾಹಿನಿಯ ಧ್ವನಿಯಲ್ಲೇ ಕಿವಿಗೆ ಕೇಳಿಸದ ಸಂಕೇತವೊಂದನ್ನು ಸೇರಿಸಿರುತ್ತಾರೆ. ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆ ಆಯ್ದ ಮನೆಗಳಲ್ಲಿಟ್ಟ ಮೀಟರು ಅದನ್ನು ಹಿಡಿಯುತ್ತದೆ. ಯಾರು ನೋಡುತ್ತಿದ್ದಾರೆಂದು ತಿಳಿಯಲು ಮನೆಯವರು ಮೀಟರಿನ ರಿಮೋಟಿನಲ್ಲಿ ತಮ್ಮ ತಮ್ಮ ಗುಂಡಿ ಒತ್ತಬೇಕು. ಹಾವು ಕಾಣಿಸಿದ ವಾರ ಅಂಕಿ ಏರಿತೆನ್ನಿ, ಮುಂದಿನ ವಾರ ಹಾವಿಗೆ ಇನ್ನಷ್ಟು ಕೆಲಸ. ಹಾಕಿಕೊಂಡ ಕಟ್ಟುಪಾಡು ಅಡ್ಡ ಬಂದರೆ ಮುರಿದು ಬಿಸಾಡುವುದು ಅದನ್ನೇ.

ಕಥೆ ಸಾಲದಾದಾಗ ಹೊತ್ತು ತುಂಬಿಸುವುದು ರಿಯಾಕ್ಷನ್ ಶಾಟು. ‘ಅವಳು ಬದುಕಿದ್ದಾಳೆ!’ ಅಂತ ಒಬ್ಬರು ಅಂದರು. ಕ್ಯಾಮೆರಾ ನಡುಮನೆಯಲ್ಲಿರುವ ಏಳು ಮುಖಗಳ ಮೇಲೂ ಹೋಗಬೇಕು, ಕಾಫಿ ತಟ್ಟೆ ಹಿಡಿದು ನಿಂತ ಕೆಲಸದಾಕೆಯನ್ನೂ ಬಿಡದೆ. ಮುಖಕ್ಕೆ ಎರಡು ಸೆಕೆಂಡು, ಮೂರು ಸುತ್ತು: ನಲವತ್ತೆರಡು ಸೆಕೆಂಡು. ಒಂದು ಸಂಚಿಕೆಯಲ್ಲಿ ಇಂಥವು ನಾಲ್ಕು ಬಂದರೆ ಹತ್ತಿರಹತ್ತಿರ ಮೂರು ನಿಮಿಷ ಮುಖದರ್ಶನಕ್ಕೇ ಸಂದಾಯ.

ಬಾನುಲಿ ಕೇಳುವವರಿಗೆ ಒಪ್ಪುವ ಪರೀಕ್ಷೆಯೊಂದಿದೆ. ಟಿವಿಗೆ ಬೆನ್ನು ಹಾಕಿ ಕೂತು ಐದು ನಿಮಿಷ ಬರೀ ಕೇಳಿ. ಭಯದ ದೃಶ್ಯದಲ್ಲಿ ಹಿನ್ನೆಲೆ ಸಂಗೀತ ಎಲ್ಲಾದರೂ ನಿಂತಿತೇ? ಹೆಜ್ಜೆ ಸಪ್ಪಳ, ಬಾಗಿಲ ಕಿರುಗುಟ್ಟು, ಉಸಿರು, ಇವು ಬೇರೆಬೇರೆಯಾಗಿ ಕೇಳಿಸಿದವೇ? ಮೌನ ಇದ್ದರೆ ತಾನೆ ಅದನ್ನು ಮುರಿಯುವ ಸದ್ದಿಗೆ ಬೆಚ್ಚುವುದು? ಮೊದಲಿಂದ ಕೊನೆವರೆಗೆ ಡಮರು, ಮಂತ್ರ, ಗುಡುಗು ಸುರಿದರೆ ಕಿವಿ ಎರಡೇ ನಿಮಿಷಕ್ಕೆ ಒಗ್ಗಿಬಿಡುತ್ತದೆ. ಆಮೇಲೆ ದೆವ್ವ ಬಂದರೂ ಒಂದೇ, ಹಾಲಿನವನು ಬಂದರೂ ಒಂದೇ.

ದೆವ್ವವಿಲ್ಲದ ಸಂಸಾರದ ಧಾರಾವಾಹಿಗಳಲ್ಲೂ ಅತಿಮಾನುಷ ಕಡಿಮೆಯಿಲ್ಲ. ಸತ್ಯ ಹೇಳುವ ಹೊತ್ತಿಗೆ ಸರಿಯಾಗಿ ಫೋನಿನ ಚಾರ್ಜು ಮುಗಿಯುತ್ತದೆ, ಪತ್ರ ಹಾರಿ ಸೋಫಾದಡಿ ಸೇರುತ್ತದೆ, ಬಾಗಿಲ ಮರೆಯಲ್ಲಿ ನಿಂತವಳಿಗೆ ಅರ್ಧ ಮಾತು ಮಾತ್ರ ಕೇಳಿಸುತ್ತದೆ. 1998ರಲ್ಲಿ ಟಿ. ಎನ್. ಸೀತಾರಾಮ್ ಅವರ ‘ಮಾಯಾಮೃಗ’ ದೂರದರ್ಶನದಲ್ಲಿ ಬಂತು. ಅಲ್ಲಿ ಜನ ಕೂತು ಮಾತಾಡುತ್ತಿದ್ದರು. ಒಬ್ಬರ ಮಾತು ಕೇಳಿ ಇನ್ನೊಬ್ಬರ ಮನಸ್ಸು ತಿರುಗುತ್ತಿತ್ತು. ನಾಟಕೀಯತೆ ಅಂದರೆ ಅದು. ಸಂಚಿಕೆಯ ಕೊನೆಗೆ ತಿರುವು ಬಂದಾಗ ಒಂದೇ ಪ್ರಶ್ನೆ ಕೇಳಿ ನೋಡಿ: ಇದು ಆದದ್ದು ಪಾತ್ರದ ನಿರ್ಧಾರದಿಂದಲೋ, ಆಕಸ್ಮಿಕದಿಂದಲೋ? ಸಾಲಾಗಿ ಎರಡು ವಾರ ಆಕಸ್ಮಿಕವೇ ಆದರೆ ರಿಮೋಟು ಕೈಗೆತ್ತಿಕೊಳ್ಳಬಹುದು.

ಇನ್ನೊಂದು ಮಾತು ಗಂಭೀರವಾದದ್ದು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಸೇಡನ್ನು ನೆನಪಿಟ್ಟುಕೊಳ್ಳುವ ಮಿದುಳೂ ಅದಕ್ಕಿಲ್ಲ. ಕಥೆಯ ಹಾವು ಏನು ಬೇಕಾದರೂ ಮಾಡಲಿ. ಆದರೆ ಕಾಯಿಲೆಗೆ ಆಸ್ಪತ್ರೆ ಬಿಟ್ಟು ಮಾಂತ್ರಿಕನೇ ಮದ್ದು ಅನ್ನುವಂತೆ ತೋರಿಸಿದರೆ ಅದು ಕಥೆಯ ಸ್ವಾತಂತ್ರ್ಯದ ವಿಷಯವಾಗಿ ಉಳಿಯುವುದಿಲ್ಲ. 1994ರ ಕೇಬಲ್ ಟಿವಿ ನಿಯಮಗಳ ಕಾರ್ಯಕ್ರಮ ಸಂಹಿತೆ, ಮೂಢನಂಬಿಕೆಯನ್ನು ಪ್ರೋತ್ಸಾಹಿಸುವ ಕಾರ್ಯಕ್ರಮ ಪ್ರಸಾರ ಮಾಡಬಾರದು ಅನ್ನುತ್ತದೆ. ‘ಇದು ಕಾಲ್ಪನಿಕ’ ಅಂತ ಅಡಿಯಲ್ಲಿ ಸಾಲು ಓಡಿಸಿದ ಮಾತ್ರಕ್ಕೆ ಈ ನಿಯಮ ಅಳಿಸಿಹೋಗುವುದಿಲ್ಲ. ದೂರನ್ನು ಮೊದಲು ಬರಹದಲ್ಲಿ ವಾಹಿನಿಗೇ ಕೊಡಬೇಕು. 2021ರ ತಿದ್ದುಪಡಿಯಂತೆ ಅವರು 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ಉತ್ತರ ಕೊಡಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಹಾಕಬಹುದು. ‘ಧಾರಾವಾಹಿ ಚೆನ್ನಾಗಿಲ್ಲ’ ಅಂತ ಬರೆದರೆ ಉಪಯೋಗವಿಲ್ಲ. ಧಾರಾವಾಹಿಯ ಹೆಸರು, ಪ್ರಸಾರವಾದ ದಿನಾಂಕ, ಗಂಟೆ, ಯಾವ ಪಾತ್ರ ಯಾರಿಗೆ ಏನು ಹೇಳಿತು, ಇಷ್ಟನ್ನು ಆ ರಾತ್ರಿಯೇ ಗುರುತು ಹಾಕಿಕೊಳ್ಳಿ.